ಡೈರೆಕ್ಟ್ ಕೊಟ್ಟ ದೀಪ

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ. ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕಂಡ ಗ್ಯಾರೇಜುಗಳಲ್ಲೆಲ್ಲ ಹಳೆ ಸ್ಕೂಟರಿನ ದೀಪಕ್ಕೆ ಹೆಚ್ಚುಕಡಿಮೆ ಒಂದೇ ಮದ್ದು: ಡೈರೆಕ್ಟ್ ಕೊಡುವುದು. ಮ್ಯಾಗ್ನೆಟ್ಟಿನ ಲೈಟ್ ಕಾಯಿಲಿನಿಂದ ಹೊಸ ವೈರೊಂದನ್ನು ಎಳೆದು, ಹ್ಯಾಂಡಲಿನ ಸ್ವಿಚ್ಚಿನ ಗೊಡವೆಗೇ ಹೋಗದೆ, ಸೀದಾ ಡೂಮಿನ ಬಲ್ಬಿಗೆ ಸಿಕ್ಕಿಸಿಬಿಡುತ್ತಾರೆ. ಹತ್ತು ನಿಮಿಷದ ಕೆಲಸ. ಕಿಕ್ಕರ್ ತುಳಿದರೆ ದೀಪ ಹತ್ತುತ್ತದೆ, ಗಿರಾಕಿ ಖುಷಿಯಾಗುತ್ತಾನೆ.

ಈ ಪದ್ಧತಿಯನ್ನು ಸುಮ್ಮನೆ ಜರೆಯುವುದು ಸರಿಯಲ್ಲ. ಮಿಡಿಗೇಶಿ ದಾಟಿದ ಮೇಲೆ ಕತ್ತಲಾದರೆ ಬಂಡೆ, ಪೊದೆ, ಒಮ್ಮೊಮ್ಮೆ ಕರಡಿ. ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನಿಗೆ ವೈರಿಂಗ್ ಕಿಟ್ ಪೂರಾ ಬದಲಾಯಿಸಲು ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಆ ರಾತ್ರಿ ಅವನನ್ನು ಮನೆ ಮುಟ್ಟಿಸುವುದು ಡೈರೆಕ್ಟ್ ವೈರೇ. ನನ್ನ ತಕರಾರು ಮರುದಿನದ್ದು. ಆ ವೈರು ಮರುದಿನವೂ ಹಾಗೇ ಇರುತ್ತದೆ, ಹತ್ತು ವರ್ಷವಾದರೂ ಹಾಗೇ ಇರುತ್ತದೆ.

1972ರಲ್ಲಿ ಬಂದ ಬಜಾಜ್ ಚೇತಕ್ಕಿನ ಹಳೆಯ 6 ವೋಲ್ಟಿನ ಗಾಡಿಗಳನ್ನೇ ನೋಡಿ. ಅವುಗಳ ದೀಪ ಬ್ಯಾಟರಿಯನ್ನು ನಂಬಿದ್ದಲ್ಲ. ಫ್ಲೈವೀಲಿನ ಆಯಸ್ಕಾಂತ ಕಾಯಿಲಿನ ಸುತ್ತ ತಿರುಗಿ ಹುಟ್ಟಿಸಿದ ಎಸಿ ಕರೆಂಟೇ ಸೀದಾ ಬಲ್ಬಿಗೆ ಬರುತ್ತದೆ. ಆಕ್ಸಿಲರೇಟರ್ ತಿರುವಿದರೆ ಬೆಳಕು, ಬಿಟ್ಟರೆ ಮಂಕು. ಅದನ್ನು ಹದದಲ್ಲಿಡಲು ರೆಗ್ಯುಲೇಟರ್ ಇಲ್ಲ, ಬಲ್ಬುಗಳ ವ್ಯಾಟೇ ಕಡಿವಾಣ. ನಮ್ಮ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೋರ್‌ವೆಲ್ಲಿನ ನೀರನ್ನು ಎರಡು ತೋಟಕ್ಕೆ ಬಿಟ್ಟಿರುವಾಗ ಒಂದು ಗೇಟ್‌ವಾಲ್ ಮುಚ್ಚಿದರೆ ಇನ್ನೊಂದರ ಪೈಪು ಕಿತ್ತುಕೊಳ್ಳುತ್ತದೆ. ಹಿಂದಿನ ಬಲ್ಬು ಸುಟ್ಟರೆ ಅದರ ಪಾಲಿನ ಒತ್ತಡವೂ ಮುಂದಿನದರ ತಲೆಗೇ ಬಂತು, ಇಳಿಜಾರಿನಲ್ಲಿ ವೇಗವಾಗಿ ಹೋಗುವಾಗ ಅದೂ ಸುಟ್ಟಿತು. ಡೈರೆಕ್ಟ್ ಕೊಡುವವರು ಹಿಂದಿನ ದೀಪವನ್ನು ಸಾಮಾನ್ಯವಾಗಿ ಮರೆತೇಬಿಡುತ್ತಾರೆ. ತಿಂಗಳಿಗೊಂದು ಬಲ್ಬು ಹೋಗುತ್ತಿದ್ದರೆ ಬೈಯಬೇಕಾದ್ದು ಬಲ್ಬನ್ನಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ತಮಾಷೆಯದು. ಬೆಳಕು ಸಾಲದೆಂದು 25 ವ್ಯಾಟಿನ ಜಾಗಕ್ಕೆ 35ರದ್ದು ಹಾಕುತ್ತಾರೆ. ಕಾಯಿಲು ಕೊಡುವುದೇ ಅಷ್ಟು. ದೊಡ್ಡ ಬಲ್ಬು ಇನ್ನೂ ಮಂಕಾಗಿ, ಕೆಂಪಗೆ ಉರಿಯುತ್ತದೆ.

ಇನ್ನು ಮೆಚ್ಚಬೇಕಾದ ಮಾತು. ಹಳೆಯ ಮೆಕ್ಯಾನಿಕ್ಕುಗಳು ಹೋಲ್ಡರಿಗೆ ಎರಡು ತುಂಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಹೊಸ ಹುಡುಗರ ಡಿಜಿಟಲ್ ಮೀಟರಿಗಿಂತ ನನಗೆ ಅದರ ಮೇಲೇ ನಂಬಿಕೆ. ಬಲ್ಬು ತೆಗೆದು ಮೀಟರ್ ಇಟ್ಟರೆ ಭಾರವಿಲ್ಲದ ಕಾಯಿಲು 6ರ ಎಷ್ಟೋ ಪಟ್ಟು ವೋಲ್ಟು ತೋರಿಸಿ ಮೋಸ ಮಾಡುತ್ತದೆ. ಡಿಸಿಗೆ ಇಟ್ಟು ಅಳೆದರಂತೂ ಏನೂ ಕಾಣದು, ಒಳ್ಳೆಯ ಕಾಯಿಲೇ ಗುಜರಿಗೆ ಹೋಗುತ್ತದೆ. ಟೆಸ್ಟ್ ಲ್ಯಾಂಪು ಕಾಯಿಲಿನಿಂದ ಕೆಲಸ ಮಾಡಿಸಿ ನೋಡುತ್ತದೆ. ಆದರೆ ಅದೇ ಕೈ ಪುಲ್ಲರ್ ಹುಡುಕುವ ಬದಲು ಫ್ಲೈವೀಲಿಗೆ ಸುತ್ತಿಗೆ ಬೀಸುವುದೂ ಉಂಟು. ಏಟಿಗೆ ಆಯಸ್ಕಾಂತದ ಕಸುವು ಇಳಿಯುತ್ತದೆ. ಆಮೇಲೆ ಎಷ್ಟು ವೈರು ಬದಲಾಯಿಸಿದರೂ ಬೆಳಕು ಹಳೆಯ ಮಟ್ಟಕ್ಕೆ ಬಾರದು.

ನಮ್ಮ ಮನೆಯ ಸ್ಕೂಟರಿಗೆ ಹೊಸ ಬಣ್ಣ ಹೊಡೆಸಿದ ವಾರದಲ್ಲೇ ದೀಪ ಮಿಣಮಿಣ ಅನ್ನತೊಡಗಿತು. ‘ಅಣ್ಣಾ, ಡೈರೆಕ್ಟ್ ಕೊಟ್ಟಿದೀನಿ, ಇನ್ನ ತಲೆ ಕೆಡಿಸ್ಕೊಬೇಡಿ’ ಅಂದ ಹುಡುಗ. ದೀಪ ಉರಿಯಿತು ನಿಜ, ಡಿಪ್ ಹೋಯಿತು. ಶಿರಾ ರಸ್ತೆಯಲ್ಲಿ ಎದುರು ಬಂದವರೆಲ್ಲ ಬೈದುಕೊಂಡು ಹೋದರು. (2017ರ ಏಪ್ರಿಲಿನಿಂದ ಹೊಸ ಬೈಕು, ಸ್ಕೂಟರುಗಳ ದೀಪ ಹಗಲಲ್ಲೂ ಉರಿಯಲೇಬೇಕೆಂಬ ನಿಯಮ ಬಂದಿದೆ. ಅಷ್ಟರ ಮಟ್ಟಿಗೆ ನಮ್ಮ ಹುಡುಗ ಸರ್ಕಾರಕ್ಕಿಂತ ಮುಂದಿದ್ದ.) ಕೊನೆಗೆ ನಾನೇ ಬಿಚ್ಚಿ ಕೂತೆ. ಇಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿದೆ. ದೀಪ ಮಿನುಗಲಿಲ್ಲ, ಅಂದರೆ ಕತ್ತಿನ ಬಳಿ ವೈರು ಮುರಿದಿಲ್ಲ. ಸ್ವಿಚ್ಚಿನ ಹಿತ್ತಾಳೆ ಪಟ್ಟಿ ಹಸಿರುಗಟ್ಟಿತ್ತು, ಉಜ್ಜಿದೆ. ನಿಜವಾದ ಕಳ್ಳ ಸಿಕ್ಕಿದ್ದು ಅರ್ತ್ ಸ್ಕ್ರೂವಿನ ಕೆಳಗೆ: ಹೊಳೆಯುವ ಹೊಸ ಬಣ್ಣದ ಪದರ. ಬಲ್ಬಿನವರೆಗೆ ಬಂದ ಕರೆಂಟಿಗೆ ಬಾಡಿಯ ಮೂಲಕ ವಾಪಸು ಹೋಗಲು ಸರಿಯಾದ ದಾರಿಯೇ ಇರಲಿಲ್ಲ.

ದೀಪವನ್ನು ಒಂದು ಸುತ್ತು ಎಂದು ನೋಡದೆ ಒಂದು ವೈರು ಎಂದು ನೋಡುವುದೇ ಈ ರಿಪೇರಿಯ ಮೂಲ ದೋಷ. ಹೋಗುವ ದಾರಿಗೆ ತೋರಿಸುವ ಕಾಳಜಿಯ ಕಾಲುಭಾಗವನ್ನೂ ಹಿಂತಿರುಗುವ ದಾರಿಗೆ ತೋರಿಸುವುದಿಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಅದರ ಬೇಲಿಯ ಪಕ್ಕದಲ್ಲೇ ಹಳೆ ಸ್ಕೂಟರೊಂದು 25 ವ್ಯಾಟಿನ ಬಲ್ಬು ಉರಿಸಲು ಒದ್ದಾಡುತ್ತ ಹೋಗುವುದನ್ನು ಕಂಡಾಗ ನಗು ಬರುತ್ತದೆ, ಹೊಟ್ಟೆ ಚುರುಕ್ಕೂ ಅನ್ನುತ್ತದೆ.

ಮುಂದಿನ ಸಲ ಗ್ಯಾರೇಜಿಗೆ ಹೋದಾಗ, ಹುಡುಗ ಕಟಿಂಗ್ ಪ್ಲೇಯರ್ ಎತ್ತಿಕೊಳ್ಳುವ ಮೊದಲೇ ಹೇಳಿ: ‘ಅರ್ತ್ ಸ್ಕ್ರೂ ಬಿಚ್ಚಿ ಒಂದ್ಸಲ ಎಮರಿ ಪೇಪರ್ ಹಾಕಪ್ಪ, ಆಮೇಲೆ ನೋಡೋಣ.’