ಬೊಂಬೆಯ ಮೆಟ್ಟಿಲು

ಮಳೆಯ ಮುಸುಕು ಸರಿದು ಆಶ್ವಯುಜದ ಬಿಸಿಲು ತೊಟ್ಟಿಯೊಳಕ್ಕೆ ಇಳಿಯುವ ಹೊತ್ತಿಗೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಬೊಂಬೆಹಬ್ಬಕ್ಕೆಂದು ಅಟ್ಟದ ಪೆಟ್ಟಿಗೆಗಳೂ ಕೆಳಗಿಳಿಯುತ್ತವೆ. ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಬೊಂಬೆಗಳನ್ನು ಬಿಡಿಸಿ, ಧೂಳೊರೆಸಿ, ಬೆಸಸಂಖ್ಯೆಯ ಮೆಟ್ಟಿಲುಗಳ ಮೇಲೆ ಬಿಳಿಯ ಪಂಚೆ ಹಾಸಿ ಕೂರಿಸುವ ಈ ಕಾರ್ಯದಲ್ಲಿ ಗೃಹಾಲಂಕಾರದ ಗ್ರಂಥಗಳು ಕಲಿಸಲಾರದ ಔಚಿತ್ಯಪ್ರಜ್ಞೆಯೊಂದುಂಟು.

ಅಗ್ರಪೀಠವು ಪಟ್ಟದ ಬೊಂಬೆಗಳದು. ರಕ್ತಚಂದನದಲ್ಲಿ ಕಡೆದ, ಮದುವೆಯಲ್ಲಿ ತವರಿನಿಂದ ಮಗಳೊಡನೆ ಬರುವ ಆ ರಾಜರಾಣಿಯರಿಗೆ ಹೊಸ ಜರಿವಸ್ತ್ರ ಉಡಿಸುವರು. ಕೆಳಗೆ ಶೆಟ್ಟಿ ದಂಪತಿಗಳು ಅಕ್ಕಿ, ಬೇಳೆ, ಬೆಲ್ಲಗಳ ಅಂಗಡಿ ಹರಡಿ ಕುಳಿತಿರುವರು. ಅರಸರಿಗಿಂತ ಇವರಲ್ಲಿಯೇ ಜೀವಕಳೆ ಹೆಚ್ಚೆಂಬುದು ನನ್ನ ಪಕ್ಷಪಾತ.

ಆದರೂ ಮೆಚ್ಚುಗೆಯ ಬಹುಪಾಲು ಸಲ್ಲತಕ್ಕದ್ದು ನೆಲದ ಮೇಲಿನ ಪುಟ್ಟ ಉದ್ಯಾನಕ್ಕೆ. ಹಬ್ಬಕ್ಕೆ ಕೆಲವು ದಿನ ಮುಂಚೆಯೇ ತಟ್ಟೆಯ ತೆಳುಮಣ್ಣಿನಲ್ಲಿ ನೆನೆಸಿದ ರಾಗಿ, ಸಾಸಿವೆ, ಮೆಂತ್ಯಗಳನ್ನು ಒತ್ತಾಗಿ ಚೆಲ್ಲಿ, ಬುಡ ಕೊಳೆಯದಂತೆ ಅಂಗೈಯಿಂದಷ್ಟೇ ನೀರು ಚಿಮುಕಿಸುತ್ತ ಬಂದರೆ, ಪಾಡ್ಯದ ವೇಳೆಗೆ ನವಿರಾದ ಹಸುರುಹಾಸು ಸಿದ್ಧವಾಗುವುದು. ನಡುವೆ ಮಣ್ಣಿನಲ್ಲಿ ಅಂಚು ಮುಚ್ಚಿದ ಕನ್ನಡಿಯೇ ಸರೋವರ, ಅದರ ದಡದಲ್ಲಿ ಮರದ ಆನೆ.

ಸಂಜೆಯ ಆರತಿ ಮುಗಿದೊಡನೆ ಮಕ್ಕಳಿಗೆ ಬೊಂಬೆ ಬಾಗಿನ: ಕೊಬ್ಬರಿಮಿಠಾಯಿ, ಚಕ್ಕುಲಿ, ಒಗ್ಗರಣೆಯ ಘಮ ಆರದ ಕಡಲೆ ಉಸಲಿ.

ಪೇಟೆಯ ಪ್ಲಾಸ್ಟಿಕ್ ಗೊಂಬೆಗೆ ಈ ಸಾಲಿನಲ್ಲಿ ಶೋಭೆಯಿಲ್ಲ. ಹೊಸತನ್ನು ಸೇರಿಸುವವರು ಹಾಲೆಮರದ ಮೇಲೆ ಅರಗಿನ ಬಣ್ಣವೇರಿದ ಚನ್ನಪಟ್ಟಣದ ಬೊಂಬೆಯೊಂದನ್ನು ಈ ವರ್ಷ ಕೊಳ್ಳಿರಿ.