ಊರ ಚರಿತ್ರೆಯ ಪರಾಮರ್ಶೆ: ರೋಣ, ನರಗುಂದ, ಗಜೇಂದ್ರಗಡ

ಕಾವ್ಯಕ್ಕೂ ನಾಟಕಕ್ಕೂ ಕನ್ನಡದಲ್ಲಿ ವಿಮರ್ಶಕರುಂಟು. ಊರ ಚರಿತ್ರೆಗೆ ವಿಮರ್ಶಕರು ವಿರಳ. ಜಾತ್ರೆಗೊಂದು, ರಥೋತ್ಸವಕ್ಕೊಂದು, ಶಾಲೆಯ ಶತಮಾನೋತ್ಸವಕ್ಕೊಂದು ಸ್ಮರಣ ಸಂಚಿಕೆ ಹೊರಡುತ್ತದೆ. ಅದರ ಮೊದಲ ಲೇಖನದ ಶಿರೋನಾಮೆ ಊರಿನ ಇತಿಹಾಸವೆಂದೇ ಇರುತ್ತದೆ. ಊರವರು ಅದನ್ನು ಅಭಿಮಾನದಿಂದ ಓದಿ ಮಾಡದಲ್ಲಿ ಇಡುತ್ತಾರೆ. ಅದರಲ್ಲಿ ಹೇಳಿದುದು ಸಾಧುವೋ ಅಸಾಧುವೋ ಎಂದು ಕೇಳುವವರಿಲ್ಲ. ಹತ್ತು ವರ್ಷದ ಮೇಲೆ ಇನ್ನೊಬ್ಬರು ಅದನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಾರೆ. ಹೀಗೆ ಒಮ್ಮೆ ಅಚ್ಚಾದ ತಪ್ಪು ಮೂರನೆಯ ಸಲ ಅಚ್ಚಾಗುವಷ್ಟರಲ್ಲಿ ಪ್ರಮಾಣವೇ ಆಗಿಬಿಡುತ್ತದೆ. ಆದುದರಿಂದ ಈ ಬಗೆಯ ಬರವಣಿಗೆಯ ಗುಣದೋಷಗಳನ್ನು ಮಲಪ್ರಭೆಯಿಂದ ಗಜೇಂದ್ರಗಡದ ಗುಡ್ಡಗಳವರೆಗೆ ಹಬ್ಬಿದ ನಾಡನ್ನೇ ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಯುಕ್ತವಾಗಿದೆ.

ಈ ದೋಷವು ನಮ್ಮ ನಾಡಿನದಷ್ಟೇ ಅಲ್ಲ. ಅಮೇರಿಕೆಯು ಸ್ವತಂತ್ರವಾಗಿ ನೂರು ವರ್ಷ ತುಂಬಿದ 1876ರಲ್ಲಿ ಪ್ರತಿಯೊಂದು ಕೌಂಟಿಯೂ, ಅಂದರೆ ಅಲ್ಲಿಯ ಜಿಲ್ಲೆಯೂ, ತನ್ನ ಚರಿತ್ರೆಯನ್ನು ಬರೆಯಿಸಬೇಕೆಂದು ಆ ದೇಶದ ಶಾಸನಸಭೆಯೂ ಅಧ್ಯಕ್ಷನಾದ ಗ್ರಾಂಟನೂ ಜನರಿಗೆ ಸೂಚಿಸಿದರು. ಉದ್ದೇಶವು ಸ್ತುತ್ಯವಾದುದು. ಆದರೆ ಪುಸ್ತಕ ವ್ಯಾಪಾರಿಗಳು ಇದರಲ್ಲಿ ಲಾಭವನ್ನು ಕಂಡರು. ಮುಂಗಡ ವರ್ಗಣಿ ಕೊಟ್ಟವರ ಜೀವನಚರಿತ್ರೆಯೂ ಭಾವಚಿತ್ರವೂ ಇಂಥ ಅನೇಕ ಗ್ರಂಥಗಳಲ್ಲಿ ಸೇರಿದವು. ಕೊಡಲಾರದವರು ಊರಿನಲ್ಲಿ ಬಾಳಿಯೂ ಊರಿನ ಚರಿತ್ರೆಯಲ್ಲಿ ಬಾಳಲಿಲ್ಲ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ದೇಣಿಗೆ ಕೊಟ್ಟವರ ಚಿತ್ರಗಳು ಮೊದಲು ಬಂದು ಊರ ಕಥೆಯು ಅವುಗಳ ಹಿಂದೆ ಅಡಗುವುದನ್ನು ಕಂಡವರಿಗೆ ಈ ಮಾತು ಹೊಸದಾಗಿ ತೋರದು.

ಧಾರವಾಡ ಪ್ರಾಂತದ ಊರುಗಳ ವಿಷಯದಲ್ಲಿ ಎಲ್ಲರಿಗೂ ಮೂಲಾಧಾರವಾದ ಗ್ರಂಥವು 1884ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ 22ನೆಯ ಸಂಪುಟ. ಆಗ ರೋಣವು ಒಂದು ತಾಲೂಕು. ಗಜೇಂದ್ರಗಡವು ಅದರೊಳಗಿನ ಊರು. ನರಗುಂದವು ನವಲಗುಂದಕ್ಕೆ ಸೇರಿದ ಪೇಟೆ. 1997ರಲ್ಲಿ ಗದಗ ಜಿಲ್ಲೆಯು ಬೇರೆಯಾಯಿತು. ಈಚೆಗೆ ಗಜೇಂದ್ರಗಡವೂ ತಾಲೂಕಿನ ಪದವಿಯನ್ನು ಪಡೆಯಿತು. ಎಲ್ಲೆಗಳು ಬದಲಾದರೂ ಆ ಸಂಪುಟದ ಉಪಯೋಗವು ಕುಂದಿಲ್ಲ. ಬೆಳೆ, ಅಳತೆ, ಸಂತೆ, ಬರಗಾಲ, ಗುಡಿ, ಶಿಲಾಲೇಖ ಮೊದಲಾದವುಗಳನ್ನು ಕ್ರಮವಾಗಿ ವಿಂಗಡಿಸಿ ಇಟ್ಟ ಶ್ರಮವು ಶ್ಲಾಘ್ಯವಾದುದು. ಗ್ರಂಥಕರ್ತರು ಪರದೇಶದವರೆಂಬ ಕಾರಣದಿಂದ ಅದನ್ನು ತಳ್ಳಿಹಾಕುವುದು ಪಂಡಿತರ ಲಕ್ಷಣವಲ್ಲ.

ಆದರೆ ಅದರ ಜನಸಂಖ್ಯೆಯ ಪ್ರಕರಣವನ್ನು ಓದಿದವರಿಗೆ ಒಂದು ವಿಚಿತ್ರವು ಗೋಚರವಾಗುತ್ತದೆ. ಇತಿಹಾಸದ ಪ್ರಕರಣದಲ್ಲಿ ಅರಸರಿಗೆಲ್ಲ ಹೆಸರುಂಟು. ಜನಸಂಖ್ಯೆಯ ಪ್ರಕರಣದಲ್ಲಿ ಒಕ್ಕಲಿಗನಿಗೂ ನೇಕಾರನಿಗೂ ಕುರುಬನಿಗೂ ಜಾತಿಯೊಂದೇ ಉಂಟು. ಅವರ ಉಡುಗೆ, ಊಟ, ಮದುವೆಯ ವಿಧಿಗಳು ವಿಸ್ತಾರವಾಗಿ ಬಂದಿವೆ. ಇಂಥ ಜಾತಿಯವರು ದುಡಿಯುವವರು, ಇಂಥವರು ಸೋಮಾರಿಗಳು ಎಂಬ ತೀರ್ಪೂ ಜೊತೆಗೆ ಬಂದಿದೆ. ಸ್ಥಾಲೀಪುಲಾಕ ನ್ಯಾಯವು ಅನ್ನಕ್ಕೆ ಸಲ್ಲುತ್ತದೆ: ಒಂದು ಅಗುಳನ್ನು ಹಿಚುಕಿ ನೋಡಿದರೆ ಗಡಿಗೆಯೆಲ್ಲ ಬೆಂದದ್ದು ತಿಳಿಯುತ್ತದೆ. ಮನುಷ್ಯರಿಗೆ ಅದು ಸಲ್ಲದು. ಕನ್ನಡದ ಊರ ಚರಿತ್ರೆಕಾರರು ಈ ಗ್ರಂಥದಿಂದ ಅರಸರ ಪಟ್ಟಿಯನ್ನು ಎತ್ತಿಕೊಂಡರು; ಅದರ ಜೊತೆಗೆ ಜನಗಳಿಗೆ ಹೆಸರಿಲ್ಲದಿರುವ ಈ ಕೊರತೆಯನ್ನೂ ತಿಳಿಯದೆ ಎತ್ತಿಕೊಂಡರು.

ಹೆಸರುಗಳು ಸಿಕ್ಕುವುದಿಲ್ಲವೆಂಬ ಸಮಾಧಾನವು ನಿಲ್ಲಲಾರದು. ಗಜೇಂದ್ರಗಡಕ್ಕೆ ಸಮೀಪದ ಸೂಡಿಯನ್ನೇ ನೋಡಬಹುದು. ಅಲ್ಲಿಯ ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಿದವರು ಶಿಲ್ಪವನ್ನು ಹೊಗಳಿ ಹಿಂದಿರುಗುತ್ತಾರೆ. ಆದರೆ ಬಾರ್ನೆಟ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟಿಸಿದ ಸೂಡಿಯ ಶಾಸನಗಳು ಗುಡಿಯ ಕಥೆಯನ್ನಷ್ಟೇ ಹೇಳುವುದಿಲ್ಲ. 11ನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸೋದರಿಯಾದ ಅಕ್ಕಾದೇವಿಯು ಕಿಸುಕಾಡು 70ನ್ನು ಆಳುತ್ತಿದ್ದಳು. ಅಂಥ ಪ್ರಭ್ವಿಯೂ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಮರ್ಯಾದೆಯನ್ನು, ಅಂದರೆ ಕಟ್ಟುಕಟ್ಟಳೆಯನ್ನು, ಕಲ್ಲಿನ ಮೇಲೆ ಬರೆಯಿಸಿ ಕೊಡಬೇಕಾಯಿತು. ಸೂಡಿಯಲ್ಲಿ ಟಂಕಸಾಲೆಯೂ ಇದ್ದಿತು. ನಾಣ್ಯವನ್ನು ಹೊಯ್ಯುವವರು, ವ್ಯಾಪಾರ ಮಾಡುವವರು, ತೆರಿಗೆ ತೆರುವವರು ಕೂಡಿ ಒಂದು ಪಟ್ಟಣವಾಗಿ ಬಾಳಿದುದಕ್ಕೆ ಇದು ಸಾಕ್ಷಿ. ಊರ ಚರಿತ್ರೆಯಲ್ಲಿ ಅಕ್ಕಾದೇವಿಯ ಶೌರ್ಯಕ್ಕೆ ಎರಡು ಪುಟಗಳು ಸಲ್ಲುವುದಾದರೆ ಎಂಬತ್ತು ಒಕ್ಕಲುಗಳಿಗೆ ಒಂದಾದರೂ ಪುಟವು ಸಲ್ಲಬೇಡವೇ?

ಕಾವ್ಯವೂ ಸಾಕ್ಷಿಯಾಗಬಲ್ಲುದು. 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡದಲ್ಲಿ ರಚಿಸಿದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯ ಅಗ್ರಹಾರದವನು. ಅದು ರೋಣ ತಾಲೂಕಿನ ಸವಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ರಾಜ್ಯದ ಸಂಧಿವಿಗ್ರಹಿಯಾದವನು ತನ್ನ ಹಳ್ಳಿಯನ್ನು ಗ್ರಂಥದಲ್ಲಿ ಹೆಸರಿಸಿ ಗೌರವಿಸಿದನು. ಇಂದಿನ ಊರ ಚರಿತ್ರೆಕಾರನು ಆ ಹಳ್ಳಿಗೆ ಹೋಗಿ ನೋಡದೆ ಕವಿಯ ಹೆಸರನ್ನು ಮಾತ್ರ ಅಭಿಮಾನದ ಪಟ್ಟಿಯಲ್ಲಿ ಸೇರಿಸಿದರೆ ಕವಿಗೂ ಊರಿಗೂ ನ್ಯಾಯವಾಗದು.

ಆಧಾರಗಳನ್ನು ಕೂಡಿಸುವುದೊಂದು ಕೆಲಸ, ಪರೀಕ್ಷಿಸುವುದು ಇನ್ನೊಂದು. ಗಂಗ ಬೂತುಗನ ಹೆಸರಿನಲ್ಲಿರುವ ಶಕ 860ರ ಸೂಡಿಯ ತಾಮ್ರಪಟವನ್ನು ಫ್ಲೀಟರು ಕೃತಕವೆಂದು ನಿರ್ಣಯಿಸಿದರು. ಮಲಪ್ರಭೆಯ ದಂಡೆಯ ಕೊಣ್ಣೂರಿನ ಶಾಸನವನ್ನು ಕೀಲ್‌ಹಾರ್ನ್ ಪಂಡಿತರು ಅದೇ ವರ್ಗಕ್ಕೆ ಸೇರಿಸಿದರು. ಅದರಲ್ಲಿರುವ ಕಾಲವು ಅಮೋಘವರ್ಷನ ಶಕ 782, ಅಂದರೆ ಕ್ರಿ.ಶ. 860. ಬಂಕೆಯನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಅರಸನು ಕೊಟ್ಟ ದಾನವು ಅದರ ವಿಷಯ. ಆದರೆ ಕಲ್ಲು ಆ ಕಾಲದ್ದಲ್ಲ. ತಾಮ್ರಶಾಸನದಲ್ಲಿದ್ದುದನ್ನು ವೀರನಂದಿ ಮುನಿಗಳು ಬಹುಕಾಲದ ಮೇಲೆ ಕಲ್ಲಿನಲ್ಲಿ ಬರೆಯಿಸಿದರೆಂದು ಆ ಶಾಸನವೇ ಹೇಳುತ್ತದೆ. ಇಂಥಲ್ಲಿ ವಿವೇಕಿಯು ಏನು ಮಾಡಬೇಕು? ಕೃತಕವೆಂದು ಎಸೆಯಲೂ ಬಾರದು, ಕಲ್ಲಿನ ಮೇಲಿದೆಯೆಂದು ನಂಬಲೂ ಬಾರದು. 9ನೆಯ ಶತಮಾನದ ವಿಷಯದಲ್ಲಿ ಅದು ಸಂದಿಗ್ಧ ಸಾಕ್ಷಿ. ಪ್ರತಿಯನ್ನು ಮಾಡಿಸಿದ ಕಾಲದ ವಿಷಯದಲ್ಲಿ ಅದು ಗಟ್ಟಿ ಸಾಕ್ಷಿ. ಆ ಕಾಲದ ಜೈನಸಮಾಜವು ತನ್ನ ಹಳೆಯ ಹಕ್ಕನ್ನು ಉಳಿಸಿಕೊಳ್ಳಲು ಪಟ್ಟ ಪಾಡು ಅದರಲ್ಲಿ ಕಾಣುತ್ತದೆ.

ಊರ ಹೆಸರುಗಳ ವ್ಯುತ್ಪತ್ತಿಯಲ್ಲಿಯೂ ಇದೇ ಎಚ್ಚರವು ಬೇಕು. ರೋಣವನ್ನು ದ್ರೋಣಪುರವೆಂದು ಹೇಳಿ ದ್ರೋಣಾಚಾರ್ಯರ ಸಂಬಂಧವನ್ನು ಕಲ್ಪಿಸುವುದುಂಟು. ದೇಶ್ಯವಾದ ಹೆಸರಿಗೆ ಸಂಸ್ಕೃತದ ಅಂಗಿಯನ್ನು ತೊಡಿಸುವುದು ನಮ್ಮವರ ಹಳೆಯ ಚಾಳಿ. ಸಂಸ್ಕೃತವನ್ನು ಬಲ್ಲವರೇ ಇದನ್ನು ಮೊದಲು ನಿರಾಕರಿಸಬೇಕು. ಧ್ವನಿಸಾಮ್ಯವೊಂದೇ ಪ್ರಮಾಣವಾಗದೆಂಬುದು ಅವರಿಗೆ ತಿಳಿದ ಸಂಗತಿ. ಸ್ಥಳಪುರಾಣವನ್ನು ಭಕ್ತಿಯ ಇತಿಹಾಸವೆಂದು ಬರೆದಿಡಬಹುದು. ಘಟನೆಯ ಇತಿಹಾಸವೆಂದು ಬರೆಯಬಾರದು.

ನರಗುಂದದ ಪ್ರಸಂಗವು ಈ ಎಲ್ಲ ವಿಚಾರಗಳಿಗೂ ಒರೆಗಲ್ಲಿನಂತಿದೆ. ಭಾವೆ ಮನೆತನದ ಭಾಸ್ಕರರಾವ ಬಾಬಾಸಾಹೇಬನಿಗೆ ದತ್ತಕದ ಅನುಮತಿಯು ದೊರೆಯಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನು ಹತನಾದನು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು, ಸಂಸ್ಥಾನವು ಜಪ್ತಾಯಿತು. ಸರಕಾರದ ಕಾಗದಗಳಲ್ಲಿ ಅವನು ಬಂಡುಗಾರ. ಜನರ ಬಾಯಲ್ಲಿ ಅವನು ವೀರ. ಇಬ್ಬರೂ ಹೇಳದ ಮಾತುಗಳು ಹಲವು. ಅವನು ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನು ಕೂಡಿಸಿದ್ದನು. ಆ ಓಲೆಗಳನ್ನೂ ಕಾಗದದ ಪ್ರತಿಗಳನ್ನೂ ಬರೆದ ಲಿಪಿಕಾರರು ಯಾರು, ಕೋಟೆಯನ್ನು ಕಾಯ್ದವರು ಯಾರು, ಸಂಸ್ಥಾನವು ಹೋದ ಮೇಲೆ ಅವರ ಹೊಟ್ಟೆಪಾಡು ಹೇಗೆ ಸಾಗಿತು ಎಂದು ಕೇಳಿದ ಊರ ಚರಿತ್ರೆಗಳು ಎಷ್ಟು? ಹಲಗಲಿಯ ಬೇಡರ ದಂಗೆಯ ಲಾವಣಿಯನ್ನು ಫ್ಲೀಟರು ಬರೆದುಕೊಂಡು ಅಚ್ಚು ಹಾಕಿಸಿದುದರಿಂದ ಆಯುಧ ಕಸಿದುಕೊಂಡಾಗಿನ ಬೇಡರ ಸಂಕಟವು ಇಂದಿಗೂ ಕೇಳಿಸುತ್ತದೆ. ಬರೆದುಕೊಳ್ಳದ ಹಾಡುಗಳು ಹಾಡಿದವರ ಸಂಗಡಲೇ ಹೋದವು.

ಅದೇ ನರಗುಂದದಲ್ಲಿ 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಕರಗಳ ವಿರುದ್ಧ ರೈತರು ಎದ್ದರು, ಗೋಲಿಬಾರಾಗಿ ಪ್ರಾಣಹಾನಿಯಾಯಿತು, ಅದರ ಫಲವು ರಾಜ್ಯದ ರಾಜಕಾರಣವನ್ನೇ ಅಲುಗಿಸಿತು. ಅಂದು ಮುಂದೆ ನಿಂತವನು ಸಂಸ್ಥಾನಿಕನಲ್ಲ, ಎರೆಯ ಹೊಲದ ಒಕ್ಕಲಿಗ. ಪ್ರತಿವರ್ಷವೂ ಆ ದಿನ ವೀರಗಲ್ಲಿಗೆ ಹೂಮಾಲೆ ಹಾಕುತ್ತಾರೆ. ಹೂಮಾಲೆಯು ಸ್ಮರಣೆಗೆ ಸಾಕು, ಇತಿಹಾಸಕ್ಕೆ ಸಾಲದು. ಕಾಲುವೆಯ ನೀರು ಯಾವ ಹೊಲಕ್ಕೆ ಬಂದಿತು, ಯಾವುದಕ್ಕೆ ಬರಲಿಲ್ಲ, ಕರವೆಷ್ಟು, ಬೆಳೆಯೆಷ್ಟು ಎಂಬುದನ್ನು ಆ ದಿನವನ್ನು ಕಂಡ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು.

ಗಜೇಂದ್ರಗಡದ ಹೆಸರು 1787ರಲ್ಲಿ ಮರಾಠರಿಗೂ ಟೀಪುವಿಗೂ ಆದ ಒಪ್ಪಂದದಿಂದ ದೇಶದ ಇತಿಹಾಸದಲ್ಲಿ ಸೇರಿತು. ಘೋರ್ಪಡೆಯವರ ಕೋಟೆ, ಕಾಲಕಾಲೇಶ್ವರನ ಗುಡಿ, ಅಂತರಗಂಗೆ ಇವು ಎಲ್ಲ ಸಂಚಿಕೆಗಳಲ್ಲಿಯೂ ಬರುತ್ತವೆ. ಆ ಊರನ್ನು ಸಾಕಿದ ಮಗ್ಗಗಳ ಕಥೆ ಎಲ್ಲಿ? ನೂಲು ಎಲ್ಲಿಂದ ಬಂದಿತು, ಬಣ್ಣ ಹಾಕಿದವರಾರು, ಸೀರೆಯು ಯಾವ ಸಂತೆಗೆ ಹೋಯಿತು, ಸಾಲ ಕೊಟ್ಟವರಾರು ಎಂಬುದು ಕಿರ್ದಿ ಖಾತೆವಹಿಗಳಲ್ಲಿ ಅಡಗಿದೆ. ಈ ಭಾಗದ ಹಳೆಯ ದಫ್ತರುಗಳಲ್ಲಿ ಎಷ್ಟೋ ಮೋಡಿ ಲಿಪಿಯವು. ಮೋಡಿಯನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಓದಲಾರದ ವಹಿಯು ರದ್ದಿಗೆ ಹೋಗುತ್ತಿದೆ. ಸುತ್ತಲಿನ ತಾಂಡಾಗಳ ಲಂಬಾಣಿಗಳಿಗೆ ವಹಿಯೂ ಇಲ್ಲ. ಅವರ ಇತಿಹಾಸವು ಅವರ ಹಾಡುಗಳಲ್ಲಿಯೇ ಇದೆ. ಮಲಪ್ರಭೆಯ ನೆರೆಯಿಂದ 2009ರಲ್ಲಿ ಮನೆ ಕಳೆದುಕೊಂಡು ಹೊಸ ಜಾಗಗಳಿಗೆ ಹೋದ ಹಳ್ಳಿಗರ ಹಳೆಯ ಓಣಿ, ಬಾವಿ, ಹೊಲಗಳ ಹೆಸರುಗಳೂ ಒಂದು ತಲೆಮಾರಿನಲ್ಲಿ ಅಳಿದುಹೋಗುವುವು.

ಕುರುಡರು ಆನೆಯನ್ನು ಮುಟ್ಟಿ ನೋಡಿದ ಅಂಧಗಜ ನ್ಯಾಯವನ್ನು ಎಲ್ಲರೂ ಬಲ್ಲರು. ಗ್ಯಾಝೆಟಿಯರು ಒಂದು ಅಂಗವನ್ನು ಮುಟ್ಟಿತು, ಶಾಸನಜ್ಞರು ಇನ್ನೊಂದನ್ನು, ಲಾವಣಿಕಾರನು ಮತ್ತೊಂದನ್ನು. ಅವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅವುಗಳನ್ನು ಕೂಡಿಸಿ ಪರೀಕ್ಷಿಸಿ ಬರೆಯುವ ಹೊಣೆಯು ಊರಿನಲ್ಲಿಯೇ ಇರುವ ಓದುಬಲ್ಲವರದು: ಶಿಕ್ಷಕರದು, ವಾಚನಾಲಯಗಳದು, ಜಿಲ್ಲೆಯ ಸಾಹಿತ್ಯಸಂಘಗಳದು. ಒಂದೊಂದು ಶಾಲೆಯು ತನ್ನೂರಿನ ಕಲ್ಲುಗಳ ಪಟ್ಟಿಯೊಂದನ್ನು, ಒಂದೊಂದು ಸಂಘವು ಹಳೆಯ ವಹಿಗಳ ಪಟ್ಟಿಯೊಂದನ್ನು, ಹಾಡುಬಲ್ಲ ಮುದುಕಿಯರ ಹಾಡುಗಳನ್ನು ಹಾಡಿದವರ ಹೆಸರಿನೊಡನೆ ಬರೆದಿಟ್ಟರೆ ಸಾಕು. ಪಾಂಡಿತ್ಯದ ಗ್ರಂಥವು ತಡವಾಗಿ ಬಂದರೂ ಚಿಂತೆಯಿಲ್ಲ; ಅದಕ್ಕೆ ಬೇಕಾದ ಸಾಮಗ್ರಿಯು ಅಷ್ಟರೊಳಗೆ ಹಾಳಾಗದಿರಬೇಕು.