ಜಾರ್ಜ್ ಮುಲ್ಲರನ ವೃತ್ತಾಂತ: ದೈವಾವಲಂಬನೆ ಮತ್ತು ಸ್ವಬುದ್ಧಿ

ಸ್ವಬುದ್ಧಿಯನ್ನು ಆಶ್ರಯಿಸದೆ ದೇವರಲ್ಲಿಯೇ ಪೂರ್ಣ ಭರವಸೆಯಿಟ್ಟು ನಡೆಯಬೇಕೆಂಬುದು ಜ್ಞಾನೋಕ್ತಿಗಳ ಗ್ರಂಥದಿಂದ ಬಂದು ಕ್ರೈಸ್ತ ಜೀವನದಲ್ಲಿ ನೆಲೆಗೊಂಡಿರುವ ಉಪದೇಶ. ಉಪದೇಶವಾಗಿ ಇದು ಸರಳ. ಆಚರಣೆಯಲ್ಲಿ ಇದರ ಅರ್ಥವೇನು? ಹೀಗೆ ನಡೆಯುವವನು ವಿಚಾರಶಕ್ತಿಯನ್ನು ತ್ಯಜಿಸುತ್ತಾನೆಯೇ, ಇಲ್ಲವೇ ಅದಕ್ಕೆ ಬೇರೊಂದು ಸ್ಥಾನವನ್ನು ಕಲ್ಪಿಸುತ್ತಾನೆಯೇ? ಈ ಪ್ರಶ್ನೆಯನ್ನು ಪರಿಶೀಲಿಸಲು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಒಂದು ಗ್ರಂಥವು ವಿಶೇಷವಾಗಿ ನೆರವಾಗುತ್ತದೆ. ದೇವರು ತನ್ನೊಡನೆ ವರ್ತಿಸಿದ ಬಗೆಯನ್ನು ಕುರಿತು ಬ್ರಿಸ್ಟಲಿನ ಜಾರ್ಜ್ ಮುಲ್ಲರನು 1837ರಿಂದ ಭಾಗಭಾಗವಾಗಿ ಪ್ರಕಟಿಸಿದ ವೃತ್ತಾಂತವೇ ಆ ಗ್ರಂಥ.

ಮುಲ್ಲರನು 1805ರಲ್ಲಿ ಪ್ರಷ್ಯದಲ್ಲಿ ಜನಿಸಿದನು. ಹಾಲೆಯ ವಿಶ್ವವಿದ್ಯಾನಿಲಯದಲ್ಲಿ ಓದಿ, 1829ರಲ್ಲಿ ಇಂಗ್ಲೆಂಡಿಗೆ ಬಂದನು. 1830ರಲ್ಲಿ ನಿಶ್ಚಿತ ಸಂಬಳವನ್ನು ಬಿಟ್ಟುಕೊಟ್ಟು, 1832ರಲ್ಲಿ ಬ್ರಿಸ್ಟಲಿನಲ್ಲಿ ನೆಲಸಿದನು. 1836ರಲ್ಲಿ ಅಲ್ಲಿನ ವಿಲ್ಸನ್ ಬೀದಿಯ ಬಾಡಿಗೆಯ ಮನೆಯೊಂದರಲ್ಲಿ ಅವನು ತೆರೆದ ಅನಾಥಾಲಯವು 1870ರ ಹೊತ್ತಿಗೆ ಆಶ್ಲಿ ಡೌನಿನ ಐದು ವಿಶಾಲ ಕಟ್ಟಡಗಳಾಗಿ, ಎರಡು ಸಾವಿರ ಮಕ್ಕಳಿಗೆ ಆಶ್ರಯ ಕೊಡುವಷ್ಟು ಬೆಳೆಯಿತು. ಸಾಲ ಮಾಡಬಾರದು, ಯಾವ ಮನುಷ್ಯನಲ್ಲಿಯೂ ಹಣ ಯಾಚಿಸಬಾರದು, ಅಗತ್ಯವನ್ನು ಪ್ರಾರ್ಥನೆಯಲ್ಲಿ ಮಾತ್ರ ತಿಳಿಸಬೇಕು ಎಂಬುವು ಅವನ ನಿಯಮಗಳು.

ಈ ವೃತ್ತಾಂತವನ್ನು ಎರಡು ರೀತಿಯಲ್ಲಿ ಓದುವವರಿದ್ದಾರೆ. ಲೆಕ್ಕಾಚಾರವನ್ನೆಲ್ಲ ತೊರೆದು ಪ್ರಾರ್ಥನೆಯೊಂದರಿಂದಲೇ ಕಾರ್ಯ ಸಾಧಿಸಿದವನ ಕಥೆಯೆಂದು ಭಕ್ತರು ಇದನ್ನು ಓದುತ್ತಾರೆ. ಪ್ರಕಟಿತ ವರದಿಯೇ ಒಂದು ಬಗೆಯ ಯಾಚನೆಯೆಂದು ಸಂದೇಹವಾದಿಗಳು ವಾದಿಸುತ್ತಾರೆ. ಗ್ರಂಥವನ್ನು ಗಮನವಿಟ್ಟು ಓದಿದವರಿಗೆ ಈ ಎರಡು ಅಭಿಪ್ರಾಯಗಳೂ ಅಪೂರ್ಣವೆಂದು ತೋರದಿರದು.

ಮೊದಲನೆಯ ಅಭಿಪ್ರಾಯವನ್ನು ಪರಿಶೀಲಿಸೋಣ. 1845ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಮಕ್ಕಳಿಂದ ತಮಗೆ ತೊಂದರೆಯಾಗುತ್ತಿದೆಯೆಂದು ವಿಲ್ಸನ್ ಬೀದಿಯ ನಿವಾಸಿಯೊಬ್ಬರು ಮುಲ್ಲರನಿಗೆ ಸೌಜನ್ಯದಿಂದಲೇ ಪತ್ರ ಬರೆದರು. ಆಗ ಅವನು ಮಾಡಿದ್ದೇನು? ಪ್ರಾರ್ಥನೆಗೆಂದು ಕೆಲವು ಗಂಟೆಗಳನ್ನು ಮೀಸಲಿಟ್ಟನು. ಜೊತೆಗೆ, ಆ ಬೀದಿಯನ್ನು ಬಿಡಬೇಕೆನ್ನುವುದಕ್ಕೂ ಬಿಡಬಾರದೆನ್ನುವುದಕ್ಕೂ ಇರುವ ಕಾರಣಗಳನ್ನು ಬೇರೆಬೇರೆಯಾಗಿ ಬರೆದು ತೂಗಿ ನೋಡಿದನು. ನೆರೆಯವರ ದೂರು ನ್ಯಾಯವಾದುದೆಂದು ಒಪ್ಪಿಕೊಂಡನು. ದೇವರ ಚಿತ್ತವನ್ನು ಅರಿಯುವ ಕ್ರಮವನ್ನು ವಿವರಿಸುವಾಗಲೂ ಅವನು ಮೊದಲು ಬೇಡುವುದು ಸ್ವಂತ ಇಚ್ಛೆಯ ತ್ಯಾಗವನ್ನು. ಭಾವಾವೇಶವನ್ನು ಅವನು ನಂಬುವುದಿಲ್ಲ. ಸತ್ಯವೇದ, ಸನ್ನಿವೇಶ, ಪ್ರಾರ್ಥನೆ ಇವೆಲ್ಲವುಗಳ ಬಳಿಕ ತನ್ನ ಶಕ್ತಿಗೂ ಜ್ಞಾನಕ್ಕೂ ತಕ್ಕಂತೆ ವಿವೇಚಿಸಿ ನಿರ್ಣಯಕ್ಕೆ ಬರುವುದಾಗಿ ಹೇಳುತ್ತಾನೆ. ಆದುದರಿಂದ ಇಲ್ಲಿ ತ್ಯಜಿಸಲ್ಪಟ್ಟಿರುವುದು ಬುದ್ಧಿಯಲ್ಲ, ಬುದ್ಧಿಯ ಸ್ವಾಮ್ಯ. ಸ್ವಾರ್ಥದ ಒತ್ತಡವನ್ನು ಕಳೆದುಕೊಂಡ ಮೇಲೆಯೇ ಬುದ್ಧಿ ಸರಿಯಾಗಿ ತೂಗಬಲ್ಲದೆಂಬುದು ಅವನ ನಂಬಿಕೆಯೆಂದು ತೋರುತ್ತದೆ. ಬಂದ ಹಣಕ್ಕೂ ವಸ್ತುಗಳಿಗೂ ಅವನು ಇಟ್ಟ ಲೆಕ್ಕದ ಕಟ್ಟುನಿಟ್ಟು ಈ ಮಾತಿಗೆ ಪೋಷಕವಾಗಿದೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಬಲವಾದುದು. ಕಾಣಿಕೆಗಳ ವಿವರವನ್ನು ವರ್ಷವರ್ಷವೂ ಅಚ್ಚುಹಾಕಿಸಿದರೆ ಓದುಗರ ಮನಸ್ಸು ಕರಗದೆ ಇರದು. ಇದನ್ನು ಮುಲ್ಲರನೂ ಬಲ್ಲನು. 1841ರ ಡಿಸೆಂಬರಿನಲ್ಲಿ, ಹಣ ಮುಗಿಯುತ್ತ ಬಂದಿದ್ದ ಕಾಲದಲ್ಲಿಯೇ, ಅವನು ವಾರ್ಷಿಕ ಸಭೆಗಳನ್ನೂ ವರದಿಯನ್ನೂ ಕೆಲವು ತಿಂಗಳ ಕಾಲ ಮುಂದಕ್ಕೆ ಹಾಕಿದನು. ವರದಿಯನ್ನೇ ನೆಚ್ಚಿಕೊಂಡವನು ಮಾಡುವ ಕೆಲಸ ಇದಲ್ಲ. ಆದರೂ ಆಕ್ಷೇಪಣೆ ಸಂಪೂರ್ಣವಾಗಿ ನಿವಾರಣೆಯಾಯಿತೆಂದು ಹೇಳಲಾಗದು. ಮುಂದೂಡಿದ ವರದಿ ಮುಂದೆ ಪ್ರಕಟವಾಯಿತು. ಸಂಸ್ಥೆಯ ಕೀರ್ತಿ ಹಬ್ಬುತ್ತಲೇ ಇತ್ತು. ಲೇಖಕನ ಪ್ರಾಮಾಣಿಕತೆ ಒಂದು, ಅವನ ಬರಹದ ಪರಿಣಾಮ ಇನ್ನೊಂದು. ಮೊದಲನೆಯದನ್ನು ಒಪ್ಪಿಕೊಂಡವರು ಎರಡನೆಯದನ್ನು ಅಲ್ಲಗಳೆಯಬೇಕಾಗಿಲ್ಲ.

ಪ್ರಾಮಾಣಿಕತೆಗೆ ಗ್ರಂಥದಲ್ಲಿ ಬೇರೆ ಸಾಕ್ಷ್ಯವೂ ಉಂಟು. 1836ರ ಫೆಬ್ರವರಿಯಲ್ಲಿ, ಮಕ್ಕಳನ್ನು ಸೇರಿಸಲು ಅರ್ಜಿ ಕೊಡಬೇಕೆಂದು ಗೊತ್ತುಮಾಡಿದ್ದ ದಿನ, ಒಬ್ಬರೂ ಬರಲಿಲ್ಲ. ಮನೆ, ಹಣ, ಸಾಮಗ್ರಿ, ಸಹಾಯಕರು ಎಲ್ಲಕ್ಕಾಗಿಯೂ ಪ್ರಾರ್ಥಿಸಿದ್ದ ತಾನು ಮಕ್ಕಳಿಗಾಗಿಯೇ ಪ್ರಾರ್ಥಿಸಿರಲಿಲ್ಲವೆಂದು ಅವನು ಬರೆದುಕೊಂಡಿದ್ದಾನೆ. ಅನಾಥರು ಬಂದೇ ಬರುವರೆಂದು ಭಾವಿಸಿದ್ದುದು ಸ್ವಬುದ್ಧಿಯ ನೆಚ್ಚಿಕೆಯಲ್ಲದೆ ಮತ್ತೇನು? ತನ್ನ ಸಿದ್ಧಾಂತದಲ್ಲಿ ತಾನೇ ತಪ್ಪಿದುದನ್ನು ಮರೆಮಾಚದೆ ದಾಖಲೆಮಾಡುವ ಲೇಖಕನ ಮಾತಿಗೆ ಚರಿತ್ರಕಾರನು ಹೆಚ್ಚಿನ ಬೆಲೆ ಕೊಡುವುದು ಸಹಜ.

ಈ ಗ್ರಂಥದ ನಿಜವಾದ ತೊಡಕು, ನನ್ನ ಅಭಿಪ್ರಾಯದಲ್ಲಿ, ಬೇರೊಂದು ಕಡೆ ಇದೆ. ದೇವರು ಇಂದಿಗೂ ಪ್ರಾರ್ಥನೆಗೆ ಓಗೊಡುತ್ತಾನೆಂಬುದಕ್ಕೆ ಕಣ್ಣಿಗೆ ಕಾಣುವ ಪ್ರಮಾಣ ಒದಗಿಸುವುದೇ ತನ್ನ ಮೊದಲ ಉದ್ದೇಶ, ಅನಾಥರ ಪೋಷಣೆ ಅನಂತರದ್ದು ಎಂದು ಮುಲ್ಲರನು ಸ್ಪಷ್ಟವಾಗಿಯೇ ಹೇಳುತ್ತಾನೆ. ಪ್ರಮಾಣವಾಗಬೇಕಾದರೆ ಪರೀಕ್ಷೆ ನಡೆಯಬೇಕು. ಪರೀಕ್ಷೆಯ ಭಾರ ಯಾರ ಮೇಲೆ ಬೀಳುತ್ತದೆ? 1838ರ ಅಭಾವದ ದಿನಗಳಲ್ಲಿ ಅವನು ಸಹಕಾರ್ಯಕರ್ತರಿಗೆ ಸ್ಥಿತಿಯನ್ನು ತಿಳಿಸಿದನು; ಹೊರಗಿನವರಿಗೆ ಹೇಳಬಾರದೆಂದು ವಿಧಿಸಿದನು. ಆ ಸಹಾಯಕರು ತಮ್ಮಲ್ಲಿದ್ದ ಅಲ್ಪಸ್ವಲ್ಪವನ್ನು ಕೊಟ್ಟು ಆಯಾ ದಿನದ ಖರ್ಚನ್ನು ತೂಗಿಸಿದ ಸಂದರ್ಭಗಳು ವೃತ್ತಾಂತದಲ್ಲಿಯೇ ಬರುತ್ತವೆ. ಅವರ ಕೊಡುಗೆಯನ್ನು ದೇವರ ಉತ್ತರವೆಂದು ಮುಲ್ಲರನು ಎಣಿಸುತ್ತಾನೆ. ಅವನ ದೃಷ್ಟಿಯಿಂದ ಇದು ಸುಸಂಗತ. ಆದರೆ ನಂಬಿಕೆಯ ಈ ಮಾರ್ಗವನ್ನು ಮುಲ್ಲರನು ತಾನೇ ಆರಿಸಿಕೊಂಡವನು. ಸಹಾಯಕರು ಒಪ್ಪಿ ಬಂದವರು. ಮಕ್ಕಳನ್ನಂತೂ ಯಾರೂ ಕೇಳಿರಲಿಲ್ಲ. ಮಕ್ಕಳು ಉಪವಾಸ ಬೀಳಲಿಲ್ಲವೆಂದು ಅವನು ಒತ್ತಿ ಹೇಳುವಾಗ, ಬೀಳಬಹುದಾಗಿದ್ದ ಅಪಾಯವನ್ನು ಓದುಗನು ಮರೆಯಲಾರನು. ಸ್ವಂತ ಜೀವನವನ್ನು ದೇವರ ಕೈಗೆ ಒಪ್ಪಿಸುವುದಕ್ಕೂ ಪರರ ಊಟವನ್ನು ಒಪ್ಪಿಸುವುದಕ್ಕೂ ಇರುವ ಅಂತರವನ್ನು ಈ ಗ್ರಂಥ ಎಲ್ಲಿಯೂ ಸಾಕಷ್ಟು ಚರ್ಚಿಸಿಲ್ಲ.

ದೇವರು ಉತ್ತರವಿತ್ತನೇ ಎಂಬುದನ್ನು ನಿರ್ಣಯಿಸಲು ಚರಿತ್ರೆಯ ಸಾಧನಗಳು ಸಾಲವು. ಉತ್ತರ ಬರುವುದೆಂದು ನಂಬಿದವನು ಹೇಗೆ ಬಾಳಿದನು, ಆ ಬಾಳಿನ ಫಲವನ್ನೂ ಭಾರವನ್ನೂ ಯಾರು ಯಾರು ಹೊತ್ತರು ಎಂಬುದನ್ನು ಅವು ತೋರಿಸಬಲ್ಲವು. ಮುಲ್ಲರನ ವೃತ್ತಾಂತ ಇವೆರಡನ್ನೂ ನಮ್ಮ ಮುಂದಿಡುತ್ತದೆ: ಮೊದಲನೆಯದನ್ನು ಉದ್ದೇಶಪೂರ್ವಕವಾಗಿ, ಎರಡನೆಯದನ್ನು ತಾನರಿಯದೆ. ನಂಬಿಕೆಯುಳ್ಳವರು ಇದನ್ನು ಓದುವಾಗ ಅವನ ಪ್ರಾರ್ಥನೆಗಳ ಜೊತೆಗೆ ಅವನ ಲೆಕ್ಕದ ಪುಟಗಳನ್ನೂ ಓದಲಿ. ಸಂದೇಹವುಳ್ಳವರು ಅವನು ವರದಿಯನ್ನು ತಡೆಹಿಡಿದ ಆ ತಿಂಗಳುಗಳನ್ನು ಬಿಡದೆ ಓದಲಿ. ಹೆಸರು ಕಾಣಿಸದ ಆ ಸಹಾಯಕರನ್ನು ಮಾತ್ರ ಇಬ್ಬರೂ ಮರೆಯಬಾರದು.